ಸೈಕಲ್ಲಿನ ಸಡಿಲ ಬಾಟಮ್ ಬ್ರಾಕೆಟ್: ಕೆಟ್ಟ ಥ್ರೆಡ್ಡನ್ನು ಉಳಿಸಿಕೊಳ್ಳುವ ಬಗೆ

ಕಾಶೀಯಾತ್ರೆ ಮುಗಿಸಿ ಬಂದ ಕನ್ನಡಿಗರಲ್ಲಿ ಅನೇಕರಿಗೆ ಜಂಗಮವಾಡಿ ಮಠದ ಪರಿಚಯವಿರುತ್ತದೆ. ಗೋದೌಲಿಯಾದಿಂದ ಮದನಪುರದತ್ತ ಸಾಗುವ ಆ ರಸ್ತೆಯನ್ನು ಬಿಟ್ಟು ಗಂಗೆಯ ಕಡೆಗೆ ಗಲ್ಲಿಯೊಳಗೆ ಹೊಕ್ಕರೆ ಬಂಗಾಲಿ ಟೋಲಾ ಎದುರಾಗುತ್ತದೆ. ತಲೆಮಾರುಗಳಿಂದ ಬಂಗಾಳಿಗಳು ನೆಲೆಸಿರುವ ಈ ಗಲ್ಲಿಗಳಿಗೆ ಕಲ್ಲುಚಪ್ಪಡಿಗಳ ಹಾಸು. ಕಾರು ಒಳಗೆ ಬಾರದು. ಹಾಲು, ತರಕಾರಿ, ಹೂವು, ಅಕ್ಕಿಮೂಟೆ ಎಲ್ಲವೂ ತಲೆಹೊರೆಯಾಗಿಯೋ, ಕೈಗಾಡಿಯಲ್ಲಿಯೋ, ಸೈಕಲ್ಲಿನ ಮೇಲೋ ಮನೆ ಸೇರಬೇಕು. ಬ್ಯಾಂಕ್ ಸೇವೆಯ ನಿಮಿತ್ತ ಕೆಲವು ಕಾಲ ಆ ಪರಿಸರದಲ್ಲಿದ್ದಾಗ ನಮಗಾದ ಒಂದು ಅನುಭವವೇ ಈ ಲೇಖನಕ್ಕೆ ಕಾರಣ.

ಯಾತ್ರಿಕರ ತಂಡಗಳಿಗೆ ಅಡುಗೆ ಮಾಡಿಕೊಟ್ಟು ಜೀವಿಸುತ್ತಿದ್ದ, ಉತ್ತರ ಕರ್ನಾಟಕದ ಹಿರಿಯರೊಬ್ಬರು ನಮಗೆ ಅಲ್ಲಿ ಪರಿಚಿತರಾಗಿದ್ದರು. ನಸುಕಿನಲ್ಲೇ ಮಾರುಕಟ್ಟೆಗೆ ಹೋಗಿ ತರಕಾರಿ, ಹಾಲು ತರಲು ಅವರಿಗಿದ್ದುದು ಒಂದು ಹಳೆಯ ಸೈಕಲ್. ಕೆಲವು ತಿಂಗಳುಗಳಿಂದ ಅದರ ಪೆಡಲ್ ತುಳಿದಾಗಲೆಲ್ಲ ‘ಕಟ್ ಕಟ್’ ಎಂಬ ಶಬ್ದ ಬರುತ್ತಿತ್ತು. ಅವರು ಅದನ್ನು ಗಣನೆಗೆ ತಂದುಕೊಂಡಿರಲಿಲ್ಲ. ಒಂದು ದಿನ ರಿಕ್ಷಾಗಳ ನಡುವೆ ಚೈನು ಕಳಚಿಬಿದ್ದು, ಅವರೂ ಉರುಳಿ, ಮೊಣಕಾಲಿಗೆ ಪೆಟ್ಟಾಯಿತು. ರಿಪೇರಿಗೆ ಒಯ್ದಾಗ ಬಂದ ಉತ್ತರ: “ಚೂಡಿ ಹೋಗಿದೆ, ಫ್ರೇಮನ್ನೇ ಬದಲಾಯಿಸಿ.” ಹಿಂದಿಯಲ್ಲಿ ‘ಚೂಡಿ’ ಎಂದರೆ ಬಳೆ, ತಿರುಪಿನ ಸುತ್ತುಗಳಿಗೂ, ಅಂದರೆ ಥ್ರೆಡ್ಡಿಗೂ, ಅದೇ ಹೆಸರು. ಹಿರಿಯರು ನಮ್ಮಲ್ಲಿಗೆ ಬಂದು, “ಸಾಹೇಬ್ರ, ಹೊಸಾ ಫ್ರೇಮ್ ತಗೊಳ್ಳಾಕ ರೊಕ್ಕ ಎಲ್ಲೈತ್ರಿ? ಸೈಕಲ್ ಇಲ್ಲಂದ್ರ ದಿನದ ಗಳಿಕಿ ಎಲ್ಲಾ ಹಮಾಲಗ ಕೊಡೂದ ಆಗ್ತೈತಿ” ಎಂದರು.

ನಾವು ವೃತ್ತಿಯಿಂದ ಮೆಕ್ಯಾನಿಕ್ ಅಲ್ಲ. ಆದರೆ ಬಾಲ್ಯದಿಂದಲೂ ನಮ್ಮ ಸೈಕಲ್ಲನ್ನು ನಾವೇ ಬಿಚ್ಚಿ ಜೋಡಿಸುವ ಅಭ್ಯಾಸ ಉಳಿಸಿಕೊಂಡವರು. ಆ ದಿನ ಕಲಿತದ್ದನ್ನೂ ಅನಂತರ ತಿಳಿದುಕೊಂಡದ್ದನ್ನೂ ಓದುಗರ ಉಪಯೋಗಕ್ಕಾಗಿ ಇಲ್ಲಿ ಕ್ರಮವಾಗಿ ನೀಡುತ್ತಿದ್ದೇವೆ.

ಬಾಟಮ್ ಬ್ರಾಕೆಟ್ಟಿನ ರಚನೆ

ಸೈಕಲ್ಲಿನ ಸೀಟಿನ ಕೆಳಗಿನ ಕೊಳವೆ, ಮುಂದಿನಿಂದ ಇಳಿದುಬರುವ ಕೊಳವೆ ಮತ್ತು ಹಿಂಚಕ್ರಕ್ಕೆ ಸಾಗುವ ಎರಡು ಕೊಳವೆಗಳು ಕೂಡುವ ಜಾಗದಲ್ಲಿ ಅಡ್ಡವಾಗಿ ಒಂದು ಗಿಡ್ಡ, ದಪ್ಪ ಕೊಳವೆ ಇರುತ್ತದೆ. ಇದಕ್ಕೆ ಅಂಗಡಿಗಳಲ್ಲಿ ‘ಬಿ.ಬಿ. ಶೆಲ್’ ಎನ್ನುತ್ತಾರೆ. ಶೆಲ್ಲಿನ ಎರಡೂ ಬಾಯಿಗಳ ಒಳಗೋಡೆಯಲ್ಲಿ ಥ್ರೆಡ್ ಕೊರೆದಿರುತ್ತದೆ. ಎರಡು ಬದಿಯಿಂದಲೂ ಉಕ್ಕಿನ ಒಂದೊಂದು ಕಪ್ಪನ್ನು ತಿರುಗಿಸಿ ಕೂರಿಸುತ್ತಾರೆ. ಕಪ್ಪುಗಳ ನಡುವೆ ‘ಬಿ.ಬಿ. ಆಕ್ಸಲ್’ ಎಂಬ ಅಚ್ಚು. ಅಚ್ಚಿಗೂ ಕಪ್ಪಿಗೂ ನಡುವೆ ಉಕ್ಕಿನ ಗುಂಡುಗಳು. ಸಾಂಪ್ರದಾಯಿಕ ಸೈಕಲ್ಲುಗಳಲ್ಲಿ ಕಾಲಂಗುಲ ವ್ಯಾಸದ ಗುಂಡುಗಳು ಬದಿಗೆ 11ರಂತೆ ಒಟ್ಟು 22 ಇರುತ್ತವೆ. ಅಚ್ಚಿನ ಎರಡು ತುದಿಗಳಿಗೆ ಕ್ರ್ಯಾಂಕುಗಳನ್ನು ‘ಕಾಟರ್ ಪಿನ್’ ಎಂಬ ಓರೆಯಾದ ಮೊಳೆಗಳಿಂದ ಬಿಗಿದಿರುತ್ತಾರೆ.

ಬಲಬದಿಯ, ಅಂದರೆ ಚೈನಿನ ಬದಿಯ, ಕಪ್ಪು ಪೂರ್ತಿ ಬಿಗಿಯಾಗಿ ಕೂತು ಅಲ್ಲಿಯೇ ಇರತಕ್ಕದ್ದು. ಎಡಬದಿಯ ಕಪ್ಪನ್ನು ಹಿಂದುಮುಂದು ಮಾಡಿ ಗುಂಡುಗಳ ಬಿಗಿತವನ್ನು ಹೊಂದಿಸಿ, ಮೇಲೊಂದು ಲಾಕ್ ರಿಂಗ್ ಹಾಕಿ ನಿಲ್ಲಿಸುತ್ತಾರೆ.

ಎಡಸುತ್ತಿನ ರಹಸ್ಯ

ಬ್ರಿಟಿಷ್ ಮಾದರಿಯಲ್ಲಿ ಎಡಬದಿಯ ಕಪ್ಪು ಎಲ್ಲ ತಿರುಪುಗಳಂತೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಬಲಬದಿಯ ಕಪ್ಪು ಮಾತ್ರ ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಇದಕ್ಕೆ ಕಾರಣವಿದೆ. ಅಚ್ಚು ತಿರುಗುವಾಗ ಗುಂಡುಗಳು ಕಪ್ಪಿನ ಒಳಗೋಡೆಯ ಮೇಲೆ ಉರುಳುತ್ತವೆ. ಸುತ್ತುತ್ತಾ ಬೀಳುವ ಆ ಒತ್ತಡವು ಕಪ್ಪನ್ನು ತುಳಿತದ ವಿರುದ್ಧ ದಿಕ್ಕಿಗೆ ಕೂದಲೆಳೆಯಷ್ಟು ಹೊರಳಿಸುತ್ತಲೇ ಇರುತ್ತದೆ. ಬಲಬದಿಯಲ್ಲಿ ಸಾಮಾನ್ಯ ಥ್ರೆಡ್ ಇದ್ದರೆ ತುಳಿಯುತ್ತಿದ್ದಂತೆ ಕಪ್ಪು ತಾನೇ ಬಿಚ್ಚಿಕೊಳ್ಳುತ್ತದೆ. ಎಡಸುತ್ತಿನ ಥ್ರೆಡ್ ಇದ್ದರೆ ಅದೇ ಒತ್ತಡ ಕಪ್ಪನ್ನು ಇನ್ನಷ್ಟು ಬಿಗಿಯುತ್ತದೆ.

ಇಲ್ಲಿ ಗೊಂದಲಕ್ಕೆ ಇನ್ನೊಂದು ಕಾರಣವುಂಟು. ಪೆಡಲ್‌ಗಳಲ್ಲಿ ಕ್ರಮ ತಿರುವುಮುರುವು: ಎಡಗಾಲಿನ ಪೆಡಲ್ಲಿಗೇ ಎಡಸುತ್ತಿನ ಥ್ರೆಡ್. ಪೆಡಲ್ ಬಿಚ್ಚಿ ರೂಢಿಯಿದ್ದವರು ಬಾಟಮ್ ಬ್ರಾಕೆಟ್ಟಿಗೂ ಅದೇ ನಿಯಮವೆಂದು ಭಾವಿಸಿ, ಬಲಗಪ್ಪಿಗೆ ಉಳಿಯಿಟ್ಟು ತಪ್ಪು ದಿಕ್ಕಿನಲ್ಲಿ ಸುತ್ತಿಗೆಯಿಂದ ಬಡಿಯುತ್ತಾರೆ. ಥ್ರೆಡ್ ಕೆಡಲು ಅನೇಕ ಬಾರಿ ಕಾರಣ ಇದೇ. ಸಡಿಲ ಕಪ್ಪಿನೊಂದಿಗೆ ಬಹುದಿನ ಓಡಿಸುವುದು, ಕಪ್ಪನ್ನು ಓರೆಯಾಗಿ ಕೂರಿಸಿ ಬಲವಂತವಾಗಿ ತಿರುಗಿಸುವುದು, ಮಳೆನೀರು ನಿಂತು ತುಕ್ಕು ಹಿಡಿಯುವುದು ಇವು ಇತರ ಕಾರಣಗಳು.

ಮೊದಲು ರೋಗನಿರ್ಣಯ

ಸೈಕಲ್ಲನ್ನು ನಿಲ್ಲಿಸಿ, ಎರಡು ಕ್ರ್ಯಾಂಕುಗಳನ್ನು ಎರಡು ಕೈಗಳಲ್ಲಿ ಹಿಡಿದು ಫ್ರೇಮಿನತ್ತ ಅಡ್ಡಡ್ಡ ಅಲುಗಿಸಿ ನೋಡಬೇಕು.

ಒಂದು ಕ್ರ್ಯಾಂಕ್ ಮಾತ್ರ ಅಲುಗಿ ಇನ್ನೊಂದು ಸ್ಥಿರವಾಗಿದ್ದರೆ ದೋಷ ಕಾಟರ್ ಪಿನ್ನಿನದು. ಶೆಲ್ಲನ್ನು ಮುಟ್ಟುವ ಅಗತ್ಯವಿಲ್ಲ.

ಎರಡೂ ಒಟ್ಟಾಗಿ ಅಲುಗಿದರೆ ಕಪ್ಪುಗಳ ಮೇಲೆ ಬೆರಳಿಟ್ಟು ಮತ್ತೆ ಅಲುಗಿಸಬೇಕು. ಕಪ್ಪು ನಿಂತಲ್ಲೇ ಇದ್ದು ಅಚ್ಚು ಮಾತ್ರ ಆಡುತ್ತಿದ್ದರೆ ಹೊಂದಾಣಿಕೆ ಸಡಿಲಾಗಿದೆ ಅಥವಾ ಗುಂಡುಗಳು ಸವೆದಿವೆ. ಎಡಗಪ್ಪನ್ನು ಬಿಗಿಯುವುದರಿಂದ, ಇಲ್ಲವೇ ಗುಂಡು ಮತ್ತು ಅಚ್ಚು ಬದಲಿಸುವುದರಿಂದ ಸರಿಹೋಗುತ್ತದೆ.

ಕಪ್ಪೇ ಶೆಲ್ಲಿನೊಳಗೆ ಅಲುಗುತ್ತಿದ್ದರೆ ಮೊದಲು ಲಾಕ್ ರಿಂಗ್ ಬಿಗಿಯಾಗಿದೆಯೇ ನೋಡಬೇಕು. ಬಿಗಿದರೂ ನಿಲ್ಲದೆ, ಕಪ್ಪು ತಿರುಗುತ್ತಲೇ ಇದ್ದು ಎಲ್ಲಿಯೂ ಹಿಡಿಯದಿದ್ದರೆ ಥ್ರೆಡ್ ಹೋಗಿದೆ ಎಂದರ್ಥ.

ಆಗ ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ: ಹೋದದ್ದು ಯಾರ ಥ್ರೆಡ್, ಕಪ್ಪಿನದೋ ಶೆಲ್ಲಿನದೋ? ಕಪ್ಪು ಅಲ್ಪ ಬೆಲೆಯ ಬಿಡಿಭಾಗ. ಶೆಲ್ಲಾದರೋ ಫ್ರೇಮಿನ ಅಂಗ. ಅದು ಹೋದರೆ ಸೈಕಲ್ಲೇ ಹೋದಂತೆ. ಈ ಪ್ರಶ್ನೆಗೆ ಕಪ್ಪನ್ನು ಹೊರತೆಗೆದು ಕಣ್ಣಾರೆ ನೋಡದೆ ಉತ್ತರ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಹಿರಿಯರ ಸೈಕಲ್ಲಿಗೆ ‘ಫ್ರೇಮ್ ಬದಲಾಯಿಸಿ’ ಎಂಬ ತೀರ್ಪು ಸಿಕ್ಕಿದ್ದು ಕಪ್ಪನ್ನು ಬಿಚ್ಚುವ ಮೊದಲೇ.

ಬಿಚ್ಚುವ ಕ್ರಮ

ಮೊದಲು ಚೈನನ್ನು ಇಳಿಸಬೇಕು. ಕಾಟರ್ ಪಿನ್ನಿನ ನಟ್ಟನ್ನು ಪಿನ್ನಿನ ತುದಿಗೆ ಸಮನಾಗುವವರೆಗೆ ಸಡಿಲಿಸಿ ಅಲ್ಲೇ ಬಿಡಬೇಕು. ಇದರಿಂದ ಪಿನ್ನಿನ ತುದಿ ಜಜ್ಜಿಹೋಗುವುದಿಲ್ಲ. ಕ್ರ್ಯಾಂಕಿನ ಕೆಳಗೆ, ಪಿನ್ನಿನ ತಲೆಗೆ ತೆರವಿರುವಂತೆ, ಗಟ್ಟಿಯಾದ ಕಬ್ಬಿಣದ ಕೊಳವೆಯ ತುಂಡೊಂದನ್ನು ನೆಲದಿಂದ ಆಧಾರವಾಗಿ ನಿಲ್ಲಿಸಬೇಕು. ಅನಂತರ ನಟ್ಟಿನ ಮೇಲೆ ಸುತ್ತಿಗೆಯಿಂದ ಒಂದೇ ದೃಢವಾದ ಪೆಟ್ಟು. ಆಧಾರವಿಲ್ಲದೆ ಹತ್ತು ಸಲ ಬಡಿದರೆ ಆ ಪೆಟ್ಟೆಲ್ಲ ಗುಂಡುಗಳ ಮೂಲಕ ಕಪ್ಪಿಗೂ ಥ್ರೆಡ್ಡಿಗೂ ತಾಗುತ್ತದೆ.

ಎಡಬದಿಯ ಲಾಕ್ ರಿಂಗನ್ನೂ ಕಪ್ಪನ್ನೂ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ ತೆಗೆಯಬೇಕು. ಕೆಳಗೆ ಬಟ್ಟೆ ಹಾಸಿದ್ದರೆ ಗುಂಡುಗಳು ಕಳೆದುಹೋಗುವುದಿಲ್ಲ.

ಬಲಗಪ್ಪಿನ ಅಂಚು ತೆಳು. ಸ್ಪ್ಯಾನರ್ ಜಾರುವುದು ಸಾಮಾನ್ಯ. ಆಗ ಉಳಿ ಹಿಡಿಯುವ ಬದಲು ಈ ಉಪಾಯವನ್ನು ಅನುಸರಿಸಬಹುದು. ದಪ್ಪನೆಯ ಬೋಲ್ಟೊಂದನ್ನು, ತಲೆ ಹೊರಗಿರುವಂತೆ, ಅಗಲವಾದ ವಾಷರ್ ಸಹಿತ ಕಪ್ಪಿನ ರಂಧ್ರದಲ್ಲಿ ತೂರಿಸಬೇಕು. ಒಳಗಿನಿಂದ ಇನ್ನೊಂದು ವಾಷರ್ ಮತ್ತು ನಟ್ಟು ಹಾಕಿ, ನಟ್ಟನ್ನು ಹಿಡಿದುಕೊಂಡು ಬೋಲ್ಟನ್ನು ಚೆನ್ನಾಗಿ ಬಿಗಿಯಬೇಕು. ಅನಂತರ ನಟ್ಟನ್ನು ಬಿಟ್ಟು, ಬೋಲ್ಟಿನ ತಲೆಯನ್ನು ಅದೇ ಬಲದಿಕ್ಕಿಗೆ ಇನ್ನೂ ತಿರುಗಿಸಿದರೆ ಬೋಲ್ಟಿನ ಹಿಡಿತದೊಂದಿಗೆ ಕಪ್ಪೂ ತಿರುಗಿ ಬಿಚ್ಚಿಕೊಳ್ಳುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರೆ ಕೆಲಸ ಸುಲಭ.

ಪರೀಕ್ಷೆ ಮತ್ತು ಅಳತೆ

ಶೆಲ್ಲನ್ನೂ ಕಪ್ಪುಗಳನ್ನೂ ಸೀಮೆಎಣ್ಣೆ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಒರೆಸಿ, ಟಾರ್ಚಿನ ಬೆಳಕಿನಲ್ಲಿ ನೋಡಬೇಕು. ಥ್ರೆಡ್ಡಿನ ಏಣುಗಳು ಚೂಪಾಗಿದ್ದು ಉಗುರಿಗೆ ತಡೆದರೆ ಅವು ಆರೋಗ್ಯವಾಗಿವೆ. ಬೋಳಾಗಿ ಹೊಳೆಯುತ್ತಿದ್ದರೆ ಸವೆದಿವೆ. ಮೊದಲ ಒಂದೆರಡು ಸುತ್ತು ಜಜ್ಜಿ, ಒಳಗಿನವು ಚೆನ್ನಾಗಿದ್ದರೆ ಆಸೆಯಿದೆ. ಶೆಲ್ಲಿನಲ್ಲಿ, ಮುಖ್ಯವಾಗಿ ಕೊಳವೆಗಳು ಕೂಡುವಲ್ಲಿ, ಸೀಳು ಕಂಡರೆ ಆ ಫ್ರೇಮನ್ನು ಓಡಿಸಬಾರದು. ಥ್ರೆಡ್ಡಿನ ಚಿಂತೆ ಅನಂತರದ್ದು.

ಹೊಸ ಕಪ್ಪು ಕೊಳ್ಳುವ ಮೊದಲು ಥ್ರೆಡ್ಡಿನ ಲೆಕ್ಕ ತಿಳಿಯಬೇಕು. ಬ್ರಿಟಿಷ್ ಮಾದರಿಯ ಕಪ್ಪಿನ ವ್ಯಾಸ 1.37 ಅಂಗುಲ, ಅಂದರೆ ಸುಮಾರು 34.8 ಮಿಲಿಮೀಟರ್, ಅಂಗುಲಕ್ಕೆ 24 ಥ್ರೆಡ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾಗುತ್ತಿದ್ದ ಹಳೆಯ ರ್‍ಯಾಲಿ ಸೈಕಲ್ಲುಗಳಲ್ಲಿ ಮಾತ್ರ ಆ ಕಾರ್ಖಾನೆಯದೇ ಲೆಕ್ಕ, ಅಂಗುಲಕ್ಕೆ 26. ಬಂಗಾಳದ ಆಸನಸೋಲ್‌ನಲ್ಲಿ ಒಂದು ಕಾಲಕ್ಕೆ ಸೆನ್-ರ್‍ಯಾಲಿ ಸೈಕಲ್ಲುಗಳು ತಯಾರಾಗುತ್ತಿದ್ದವು. ಆದ್ದರಿಂದ ಹೆಸರಿನಲ್ಲಿ ರ್‍ಯಾಲಿ ಇರುವ ಯಾವ ಹಳೆಯ ಸೈಕಲ್ ಕೈಗೆ ಬಂದರೂ ಊಹೆಗೆ ಹೋಗದೆ ಎಣಿಸಿ ನೋಡುವುದು ಕ್ಷೇಮ. ಅರ್ಧ ಅಂಗುಲದಲ್ಲಿ 12 ಇವೆಯೋ 13 ಇವೆಯೋ ಎಂದು ಎಣಿಸಬಹುದು. ಇನ್ನೂ ಸುಲಭದ ವಿಧಾನವೆಂದರೆ ಹಳೆಯ ಕಪ್ಪು ಮತ್ತು ಹೊಸ ಕಪ್ಪಿನ ಥ್ರೆಡ್ಡುಗಳನ್ನು ಒಂದಕ್ಕೊಂದು ಒತ್ತಿ ಬೆಳಕಿಗೆ ಹಿಡಿಯುವುದು. ಎರಡೂ ಬಾಚಣಿಗೆಯ ಹಲ್ಲುಗಳಂತೆ ಪೂರ್ತಿ ಕೂಡಿಕೊಂಡರೆ ಲೆಕ್ಕ ಒಂದೇ. ನಡುವೆ ಬೆಳಕು ಇಣುಕಿದರೆ ಬೇರೆ. 26ರ ಶೆಲ್ಲಿಗೆ 24ರ ಕಪ್ಪು ಒಂದೆರಡು ಸುತ್ತು ಸಲೀಸಾಗಿ ಹೋಗಿ ಅನಂತರ ಹಿಡಿಯುತ್ತದೆ. ಆಗ ಬಲವಂತ ಮಾಡಿದರೆ ಉಳಿದಿದ್ದ ಥ್ರೆಡ್ಡೂ ನಾಶ.

ಚಿಕಿತ್ಸೆ: ಮೆಟ್ಟಿಲು ಮೆಟ್ಟಿಲಾಗಿ

ಮೊದಲನೆಯ ಮೆಟ್ಟಿಲು, ಹೊಸ ಕಪ್ಪು. ಕಪ್ಪಿನ ಥ್ರೆಡ್ ಮಾತ್ರ ಹೋಗಿ ಶೆಲ್ ಚೆನ್ನಾಗಿದ್ದರೆ ಇಷ್ಟೇ ಸಾಕು. ಸವೆದ ಶೆಲ್ಲಿನಲ್ಲಿಯೂ ಹೊಸ ಕಪ್ಪಿನ ಚೂಪಾದ ಥ್ರೆಡ್ ಹಿಡಿಯುವುದುಂಟು.

ಎರಡನೆಯದು, ಥ್ರೆಡ್ ತಿದ್ದುವುದು. ಶೆಲ್ಲಿನ ಮೊದಲ ಸುತ್ತುಗಳು ಜಜ್ಜಿದ್ದರೆ ಸರಿಯಾದ ಅಳತೆಯ ಟ್ಯಾಪ್ ಹಾಯಿಸಿ ನೇರಗೊಳಿಸಬೇಕು. ಎಡ ಮತ್ತು ಬಲ ಬದಿಗಳಿಗೆ ಬೇರೆ ಬೇರೆ ಟ್ಯಾಪ್ ಬೇಕು. ದೊಡ್ಡ ಊರುಗಳ ಕೆಲವು ಸೈಕಲ್ ಅಂಗಡಿಗಳಲ್ಲಿ ಇವು ಇರುತ್ತವೆ. ಇಲ್ಲದಿದ್ದಲ್ಲಿ ಥ್ರೆಡ್ ಚೆನ್ನಾಗಿರುವ ಒಂದು ಕಪ್ಪನ್ನೇ ಹತ್ಯಾರ ಮಾಡಿಕೊಳ್ಳಬಹುದು. ಕಪ್ಪಿನ ಥ್ರೆಡ್ಡಿಗೆ ಅಡ್ಡವಾಗಿ ಮೂರು ನಾಲ್ಕು ಕಡೆ ಗ್ರೈಂಡರ್‌ನ ತೆಳುಚಕ್ರದಿಂದ ಗೀರು ಹಾಕಿಸಬೇಕು. ಕಪ್ಪಿನ ಉಕ್ಕು ಗಡುಸಾದ್ದರಿಂದ ಸಾಮಾನ್ಯ ಅರಕ್ಕೆ ಬಗ್ಗದು. ಈ ಕೆಲಸದಲ್ಲಿ ಕಣ್ಣಿಗೆ ಕನ್ನಡಕದ ರಕ್ಷಣೆ ಇರಲೇಬೇಕು. ಬಲಬದಿಗೆ ಬಲಗಪ್ಪು, ಎಡಬದಿಗೆ ಎಡಗಪ್ಪು. ಧಾರಾಳವಾಗಿ ಎಣ್ಣೆ ಹಾಕಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂಬಂತೆ ತಾಳ್ಮೆಯಿಂದ ತಿರುಗಿಸಿದರೆ ಜಜ್ಜಿದ ಏಣುಗಳು ಎದ್ದು ನಿಲ್ಲುತ್ತವೆ. ಕಪ್ಪು ಶೆಲ್ಲಿನ ಬಾಯಿಗೆ ನೇರವಾಗಿ ಹೊಕ್ಕಿದೆಯೇ ಎಂದು ಮೊದಲ ಸುತ್ತಿನಲ್ಲೇ ನೋಡಿಕೊಳ್ಳಬೇಕು.

ಮೂರನೆಯದು, ಸಂದು ತುಂಬುವುದು. ಥ್ರೆಡ್ ಇದ್ದೂ ಕಪ್ಪು ತುಸು ಸಡಿಲವಾಗಿದ್ದರೆ, ಥ್ರೆಡ್ ಬಿಗಿಯಲೆಂದೇ ತಯಾರಾಗುವ ಲೋಹದ ಅಂಟು ಸಿಗುತ್ತದೆ. ಎರಡೂ ಭಾಗಗಳನ್ನು ಪೆಟ್ರೋಲಿನಿಂದ ತೊಳೆದು, ಜಿಡ್ಡಿಲ್ಲದಂತೆ ಒಣಗಿಸಿ, ಅಂಟು ಹಚ್ಚಿ ಕೂರಿಸಿ, ಒಂದು ದಿನ ಪೂರ್ತಿ ಮುಟ್ಟದೆ ಬಿಡಬೇಕು. ಅಂಟು ಗುಂಡು ಓಡುವ ಜಾಗಕ್ಕೆ ಸೋರಬಾರದು. ಕೆಲವರು ಅಲ್ಯುಮಿನಿಯಂ ಪಾನೀಯ ಡಬ್ಬಿಯಿಂದ ಕತ್ತರಿಸಿದ ತೆಳು ಪಟ್ಟಿಯನ್ನು ಒಂದು ಸುತ್ತು ಸುತ್ತಿ ಕಪ್ಪು ಕೂರಿಸುತ್ತಾರೆ. ಹಗುರ ಬಳಕೆಯ ಸೈಕಲ್ಲಿಗೆ ಇದು ಕೆಲವು ಕಾಲ ನಡೆದೀತು. ಹಾಲಿನ ಕ್ಯಾನು, ಅಕ್ಕಿಮೂಟೆ ಹೊರುವ ಸೈಕಲ್ಲಿಗೆ ಇದನ್ನು ನೆಚ್ಚಲಾಗದು.

ನಾಲ್ಕನೆಯದು, ಥ್ರೆಡ್ ಬೇಡದ ಬಾಟಮ್ ಬ್ರಾಕೆಟ್. ಶೆಲ್ ಪೂರ್ತಿ ಬೋಳಾಗಿದ್ದರೆ, ಶೆಲ್ಲಿನೊಳಗೆ ಎರಡು ಭಾಗಗಳು ಒಂದರೊಳಗೊಂದು ಬಿಗಿದುಕೊಂಡು ಎರಡು ಬಾಯಿಗಳನ್ನೂ ಒತ್ತಿ ಹಿಡಿಯುವ ಥ್ರೆಡ್‌ಲೆಸ್ ಕಾರ್ಟ್ರಿಜ್ ದೊರೆಯುತ್ತದೆ. ಆದರೆ ಅದರ ಅಚ್ಚಿನ ತುದಿ ಸಾಮಾನ್ಯವಾಗಿ ಚೌಕವಾಗಿರುವುದರಿಂದ ಕಾಟರ್ ಪಿನ್ನಿನ ಹಳೆಯ ಕ್ರ್ಯಾಂಕುಗಳನ್ನೂ ಬದಲಿಸಬೇಕು. ಖರ್ಚನ್ನು ಮೊದಲೇ ಕೂಡಿಸಿ ನೋಡುವುದು ಒಳಿತು. ಇಟಾಲಿಯನ್ ಮಾದರಿಗೆ, ಅಂದರೆ 36 ಮಿಲಿಮೀಟರಿಗೆ, ಶೆಲ್ಲನ್ನು ಹೊಸದಾಗಿ ಕೊರೆಸುವುದೂ ಒಂದು ದಾರಿ. ಆ ಮಾದರಿಯಲ್ಲಿ ಎರಡೂ ಬದಿಗೆ ಸಾಮಾನ್ಯ ಥ್ರೆಡ್ಡೇ ಇರುವುದರಿಂದ ಬಲಗಪ್ಪು ಬಿಚ್ಚಿಕೊಳ್ಳದಂತೆ ಬಹಳ ಬಿಗಿಯಾಗಿ ಕೂರಿಸಬೇಕಾಗುತ್ತದೆ.

ಐದನೆಯದು, ಶೆಲ್ಲನ್ನೇ ಬದಲಿಸುವುದು. ಹಳೆಯ ಮಾದರಿಯ ಉಕ್ಕಿನ ಫ್ರೇಮುಗಳಲ್ಲಿ ಕೊಳವೆಗಳನ್ನು ಶೆಲ್ಲಿಗೆ ಹಿತ್ತಾಳೆ ಬೆಸುಗೆಯಿಂದ ಕೂಡಿಸಿರುತ್ತಾರೆ. ಅದನ್ನು ಕಾಯಿಸಿ ಬಿಡಿಸಿ ಹೊಸ ಶೆಲ್ ಕೂಡಿಸಲು ನುರಿತ ಬೆಸುಗೆಗಾರರಿಗೆ ಸಾಧ್ಯ. ಫ್ರೇಮಿನ ಮೇಲೆ ವಿಶೇಷ ಮಮತೆಯಿದ್ದರೆ ಮಾತ್ರ ಈ ಶ್ರಮ ಸಾರ್ಥಕ.

ಇಲ್ಲೊಂದು ಎಚ್ಚರಿಕೆ. ಕಪ್ಪನ್ನು ಶೆಲ್ಲಿಗೆ ವೆಲ್ಡ್ ಮಾಡಿಬಿಡುವ ಪದ್ಧತಿ ಕಾಣಸಿಗುತ್ತದೆ. ವೆಲ್ಡಿಂಗಿನ ಕಾವಿಗೆ ಕಪ್ಪಿನ ಗಡುಸುತನ ಇಳಿದು, ಗುಂಡು ಓಡುವ ಜಾಗ ಬೇಗನೆ ಕುಳಿ ಬೀಳುತ್ತದೆ. ಎಡಗಪ್ಪಿಗೆ ಹಾಗೆ ಮಾಡಿದರೆ ಮತ್ತೆಂದೂ ಬಿಗಿತ ಹೊಂದಿಸಲು ಬಾರದು. ಮುಂದಿನ ರಿಪೇರಿಯ ದಾರಿಯೂ ಮುಚ್ಚಿಹೋಗುತ್ತದೆ.

ಮರುಜೋಡಣೆ

ಬಲಗಪ್ಪಿನ ಥ್ರೆಡ್ಡಿಗೆ ತುಸು ಗ್ರೀಸ್ ಹಚ್ಚಿ (ಅಂಟು ಬಳಸಿದ್ದರೆ ಗ್ರೀಸ್ ಕೂಡದು) ಎಡಕ್ಕೆ ತಿರುಗಿಸಿ ಪೂರ್ತಿ ಬಿಗಿಯಬೇಕು. ಕಪ್ಪಿನೊಳಗೆ ಗ್ರೀಸ್ ತುಂಬಿ 11 ಗುಂಡುಗಳನ್ನು ಜೋಡಿಸಬೇಕು. ಕೊಂಚ ಜಾಗ ಉಳಿದಂತೆ ಕಂಡರೂ ಹನ್ನೆರಡನೆಯದನ್ನು ತುರುಕಬಾರದು. ಅಚ್ಚಿನ ಉದ್ದನೆಯ ತುದಿ ಚೈನ್ ವೀಲಿನ ಬದಿಗೆ ಬರಬೇಕು. ಎಡಗಪ್ಪನ್ನು, ಅಚ್ಚಿನ ಆಟ ನಿಲ್ಲುವವರೆಗೆ ಮಾತ್ರ ತಿರುಗಿಸಿ, ಅದು ಸರಿಯದಂತೆ ಹಿಡಿದುಕೊಂಡು ಲಾಕ್ ರಿಂಗ್ ಬಿಗಿಯಬೇಕು. ಅಚ್ಚು ಬೆರಳಿಗೆ ಸರಾಗವಾಗಿ ತಿರುಗಬೇಕು, ಅಲುಗಬಾರದು.

ಕಾಟರ್ ಪಿನ್ನುಗಳನ್ನು ಹೊಸದಾಗಿ ಹಾಕುವುದು ಉತ್ತಮ. ಎರಡು ಪಿನ್ನುಗಳೂ ಒಂದಕ್ಕೊಂದು ವಿರುದ್ಧ ದಿಕ್ಕಿನಿಂದ ಹೊಕ್ಕರೆ ಮಾತ್ರ ಎರಡು ಕ್ರ್ಯಾಂಕುಗಳು ಒಂದೇ ನೇರಕ್ಕೆ ಬರುತ್ತವೆ. ಐವತ್ತು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನೂ ಲಾಕ್ ರಿಂಗನ್ನೂ ಮತ್ತೊಮ್ಮೆ ಬಿಗಿದು ನೋಡಬೇಕು.

ಇಂದಿನ ಅನೇಕ ಗೇರ್ ಸೈಕಲ್ಲುಗಳಲ್ಲಿ ಬಿಡಿ ಗುಂಡುಗಳ ಬದಲು ಮುಚ್ಚಿದ ಕಾರ್ಟ್ರಿಜ್ ಇರುತ್ತದೆ. ಅವುಗಳಲ್ಲಿಯೂ ಬ್ರಿಟಿಷ್ ಥ್ರೆಡ್ಡಿನ ಶೆಲ್ ಇದ್ದರೆ ಬಲಬದಿಯ ಎಡಸುತ್ತಿನ ನಿಯಮ ಹಾಗೆಯೇ ಅನ್ವಯಿಸುತ್ತದೆ.

ಹಿರಿಯರ ಸೈಕಲ್ ಏನಾಯಿತು?

ಬೋಲ್ಟಿನ ಉಪಾಯದಿಂದ ಬಲಗಪ್ಪನ್ನು ಹೊರತೆಗೆದಾಗ ಅದರ ಅಂಚಿನ ತುಂಬ ಉಳಿಯ ಗಾಯಗಳಿದ್ದವು; ಯಾರೋ ಹಿಂದೆ ತಪ್ಪು ದಿಕ್ಕಿಗೆ ಬಡಿದಿದ್ದರು. ಕಪ್ಪಿನ ಥ್ರೆಡ್ ಬಹುತೇಕ ಬೋಳಾಗಿತ್ತು. ಶೆಲ್ಲಿನ ಬಾಯಿಯ ಎರಡು ಸುತ್ತು ಜಜ್ಜಿದ್ದರೂ ಒಳಗಿನ ಸುತ್ತುಗಳು ಗಟ್ಟಿಯಾಗಿಯೇ ಇದ್ದವು. ಸಮೀಪದ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಕಪ್ಪಿಗೆ ಗೀರು ಹಾಕಿಸಿ ತಂದೆವು. ಮನೆಯ ಜಗುಲಿಯ ಮೇಲೆ ಕುಳಿತು ಒಂದು ಭಾನುವಾರದ ಬೆಳಗನ್ನು ಥ್ರೆಡ್ ತಿದ್ದುವುದರಲ್ಲಿ ಕಳೆದೆವು. ಹೊಸ ಕಪ್ಪುಗಳು, ಹೊಸ ಗುಂಡುಗಳು, ಎರಡು ಕಾಟರ್ ಪಿನ್ನುಗಳು: ಖರ್ಚಾದದ್ದು ಇಷ್ಟಕ್ಕೆ. ಅವರ ಮೊಣಕಾಲು ವಾಸಿಯಾಗಲು ಅದಕ್ಕಿಂತ ಹೆಚ್ಚು ದಿನ ಹಿಡಿಯಿತು. ಮೊದಲ ದಿನ ಗಲ್ಲಿಯ ಕೊನೆಯವರೆಗೆ ಓಡಿಸಿ ಹಿಂತಿರುಗಿದವರು, “ಸಪ್ಪಳನ ಇಲ್ರೀ” ಎಂದಷ್ಟೇ ಹೇಳಿದರು.

ಬ್ಯಾಂಕಿನವರಾದ ನಮಗೆ ಈ ‘ಕಟ್ ಕಟ್’ ಶಬ್ದ ಚಕ್ರಬಡ್ಡಿಯಂತೆ ತೋರುತ್ತದೆ. ಮೊದಲ ವಾರದಲ್ಲಿ ಲಾಕ್ ರಿಂಗನ್ನು ಅರ್ಧ ಸುತ್ತು ಬಿಗಿದರೆ ತೀರುವ ಸಾಲ, ತಿಂಗಳು ಕಳೆದರೆ ಕಪ್ಪನ್ನು ಕೇಳುತ್ತದೆ. ವರ್ಷ ಕಳೆದರೆ ಫ್ರೇಮನ್ನೇ ಕೇಳುತ್ತದೆ. ನಮ್ಮ ಮಹಾನಗರಗಳಲ್ಲಿಯೂ ಪತ್ರಿಕೆ ಹಂಚುವ ಹುಡುಗರು, ರಾತ್ರಿ ಕಾವಲುಗಾರರು, ಇಸ್ತ್ರಿ ಬಟ್ಟೆ ಒಯ್ಯುವವರು ಇಂತಹ ಸೈಕಲ್ಲುಗಳನ್ನೇ ನಂಬಿ ಬದುಕುತ್ತಾರೆ. ನಿಮ್ಮ ಬಾಗಿಲಿಗೆ ಬರುವವರ ಸೈಕಲ್ಲಿನಿಂದ ಆ ಶಬ್ದ ಕೇಳಿದರೆ ಒಂದು ನಿಮಿಷ ನಿಲ್ಲಿಸಿ, ಎರಡು ಕ್ರ್ಯಾಂಕುಗಳನ್ನು ಹಿಡಿದು ಅಲುಗಿಸಿ ನೋಡಿ. ‘ಫ್ರೇಮ್ ಹೋಗಿದೆ’ ಎಂದು ಯಾರಾದರೂ ಹೇಳಿದರೆ, ಕಪ್ಪನ್ನು ಬಿಚ್ಚಿ ತೋರಿಸುವಂತೆ ವಿನಯದಿಂದ ಕೇಳಿ; ಬಲಗಪ್ಪು ಬಿಚ್ಚುವ ದಿಕ್ಕು ಯಾವುದೆಂಬುದನ್ನೂ ನೆನಪಿಸಿ.